ಹನ್ನೊಂದು ಸೀಸೆ

ಬುಧವಾರ ಬೆಳಿಗ್ಗೆ 9 ಗಂಟೆ 40 ನಿಮಿಷಕ್ಕೆ ಠಾಣೆಗೆ ಬಂದ ದೂರು ಮೇಲುನೋಟಕ್ಕೆ ಅಂಥ ದೊಡ್ಡದೇನೂ ಆಗಿರಲಿಲ್ಲ. ಔಷಧ ಸಂಶೋಧನಾಲಯದ ಶೀತಲ ಕೋಣೆಯಿಂದ ಹನ್ನೊಂದು ಸೀಸೆಗಳು ಕಾಣೆಯಾಗಿದ್ದವು. ಒಂದೊಂದೂ ಹೆಬ್ಬೆರಳಿನಷ್ಟು ದೊಡ್ಡದು, ಒಳಗೆ ಬಿಳಿ ಪುಡಿ, ಮುಚ್ಚಳದ ಮೇಲೆ ನೀಲಿ ಚುಕ್ಕೆ. ದೂರು ತಂದವರು ಸಂಶೋಧನಾಲಯದ ಮುಖ್ಯಸ್ಥೆ, ಐವತ್ತು ದಾಟಿದ ವಿಜ್ಞಾನಿ. ಅವರ ಒಂದು ಕಾಲಿನ ಚಪ್ಪಲಿ ಕಂದು, ಇನ್ನೊಂದರದ್ದು ಕಪ್ಪು. ಅದನ್ನು ಅವರು ಗಮನಿಸಿರಲಿಲ್ಲ.

ಇನ್‌ಸ್ಪೆಕ್ಟರ್ ದೂರಿನ ಅರ್ಜಿಯನ್ನು ಓದಿದರು. ಅವರಿಗೆ ಎದೆಯುರಿಯ ಹಳೆಯ ಕಾಯಿಲೆ. ಮಾತು ಶುರು ಮಾಡುವ ಮುನ್ನ ಒಂದು ಹುಳಿತೇಗು, ಬಾಯಿಗೊಂದು ಸುಣ್ಣದಂಥ ಮಾತ್ರೆ, ಇದು ಠಾಣೆಗೆಲ್ಲ ಅಭ್ಯಾಸವಾಗಿಹೋಗಿತ್ತು.

"ಬೆಲೆ ಎಷ್ಟು ಮೇಡಂ?"

"ಬೆಲೆ ಬಿಡಿ ಸಾರ್. ಯಾರಾದ್ರೂ ಅದನ್ನ ಮೈಗೆ ಚುಚ್ಚಿಕೊಂಡ್ರೆ ಸತ್ತೇ ಹೋಗ್ತಾರೆ."

"ವಿಷನಾ?"

"ಔಷಧಿ. ಸರಿಯಾಗಿ ಕೊಡದಿದ್ರೆ ವಿಷ."

"ಸೀಸೆ ಮೇಲೆ ಹಾಗಂತ ಬರ್ದಿದೀರಾ?"

ವಿಜ್ಞಾನಿ ತಲೆ ತಗ್ಗಿಸಿದರು. ಸೀಸೆಯ ಮೇಲೆ ಬರೀ ಒಂದು ಸಂಖ್ಯೆ, ಒಂದು ಚುಕ್ಕೆ. ಅದೇನೆಂದು ಒಳಗಿನವರಿಗೆಲ್ಲ ಗೊತ್ತಿದ್ದುದರಿಂದ ಬರೆಯುವ ಪ್ರಮೇಯ ಬಂದಿರಲಿಲ್ಲ. ಹೆಡ್ ಕಾನ್‌ಸ್ಟೇಬಲ್ ಅಷ್ಟರಲ್ಲಿ ಸಮಯ ಬರೆದುಕೊಂಡಾಗಿತ್ತು. ಯಾರಾದರೂ ಕೆಮ್ಮಿದರೂ ಗಂಟೆ ಗುರುತು ಹಾಕುವ ಮನುಷ್ಯ ಅವನು. ಠಾಣೆಯಲ್ಲಿ ಅವನ ಹೆಸರೇ ಗಡಿಯಾರ. 9 ಗಂಟೆ 55ಕ್ಕೆ ಎಫ್‌ಐಆರ್ ದಾಖಲಾಯಿತು.

10 ಗಂಟೆ 10ಕ್ಕೆ ಇನ್‌ಸ್ಪೆಕ್ಟರ್, ಗಡಿಯಾರ ಮತ್ತು ಠಾಣೆಯೆಲ್ಲ ಚಿಕ್ಕಮ್ಮ ಎಂದು ಕರೆಯುವ ಮಹಿಳಾ ಕಾನ್‌ಸ್ಟೇಬಲ್ ಸಂಶೋಧನಾಲಯ ತಲುಪಿದರು. ಶೀತಲ ಕೋಣೆ ಎರಡು ಮಂಚ ಹಿಡಿಸುವಷ್ಟು ಅಗಲ. ಬಾಗಿಲಿನ ಬೀಗಕ್ಕೆ ಒಂದು ಗೀರು ಕೂಡ ಬಿದ್ದಿರಲಿಲ್ಲ. ಕಪಾಟಿನ ಮೂರನೆಯ ಹಲಗೆಯ ತಟ್ಟೆಯಲ್ಲಿ ನಲವತ್ತು ಸೀಸೆ ಇರಬೇಕಿತ್ತು, ಇಪ್ಪತ್ತೊಂಬತ್ತು ಇದ್ದವು. ತೆಗೆದದ್ದು ಹಿಂದಿನ ಸಾಲುಗಳಿಂದ. ಮುಂದೆ ನಿಂತು ನೋಡಿದರೆ ತಟ್ಟೆ ತುಂಬಿದಂತೆಯೇ ಕಾಣುತ್ತಿತ್ತು. ಪಕ್ಕದ ಕಚೇರಿಯ ಇಬ್ಬರು ಗುಮಾಸ್ತರನ್ನು ಪಂಚರನ್ನಾಗಿ ಕರೆದು ಪಂಚನಾಮೆ ಬರೆಸಿದರು. ಗುಮಾಸ್ತರು ಚಳಿಗೆ ಹಲ್ಲು ಕಟಕಟಿಸುತ್ತ ಸಹಿ ಹಾಕಿದರು.

"ಇದು ಗೊತ್ತಿರೋರ ಕೆಲಸ ಸಾರ್," ಎಂದ ಗಡಿಯಾರ.

"ಗೊತ್ತಿಲ್ಲದೋನು ಇಡೀ ತಟ್ಟೆ ಎತ್ಕೊಂಡು ಹೋಗ್ತಿದ್ದ," ಎಂದರು ಇನ್‌ಸ್ಪೆಕ್ಟರ್. ನಂತರ ವಿಜ್ಞಾನಿಯ ಕಡೆ ತಿರುಗಿದರು. "ಈಗ ಹೇಳಿ ಮೇಡಂ. ಇದೇನು ವಸ್ತು? ನಂಗೆ ಅರ್ಥ ಆಗೋ ಹಾಗೆ ಹೇಳಿ."

ವಿಜ್ಞಾನಿ ಉಳಿದ ಸೀಸೆಗಳಲ್ಲಿ ಒಂದನ್ನು ತೆಗೆದು ಬೆಳಕಿಗೆ ಹಿಡಿದರು. "ಇದು ಪಾಲಿಮರ್. ಉದ್ದ ಸರಪಳಿಯಂಥ ವಸ್ತು. ನಾವು ಅದನ್ನ ಸುತ್ತಿ ಸುತ್ತಿ ಕಣ್ಣಿಗೆ ಕಾಣದಷ್ಟು ಚಿಕ್ಕ ಡಬ್ಬಿ ಮಾಡ್ತೀವಿ. ಒಳಗೆ ಕ್ಯಾನ್ಸರ್ ಕೋಶ ಕೊಲ್ಲೋ ಔಷಧಿ. ಅದು ಕ್ಯಾನ್ಸರ್ ಕೋಶನೂ ಕೊಲ್ಲತ್ತೆ, ಒಳ್ಳೆ ಕೋಶನೂ ಕೊಲ್ಲತ್ತೆ. ಅದಕ್ಕೇ ಡಬ್ಬಿ ಬೇಕು. ರಕ್ತದಲ್ಲಿ ಹುಳಿ ಇರಲ್ಲ, ಅಲ್ಲಿ ಡಬ್ಬಿ ಮುಚ್ಚಿರತ್ತೆ. ಗಡ್ಡೆಯ ಸುತ್ತ ಒಂಚೂರು ಹುಳಿ ಇರತ್ತೆ. ಹುಳಿ ತಾಗಿದ ಕಡೆ ಸರಪಳಿಯ ಕೊಂಡಿ ಬಿಚ್ಚತ್ತೆ. ಔಷಧಿ ಅಲ್ಲೇ, ಅಷ್ಟೇ ಜಾಗದಲ್ಲಿ ಸುರಿಯತ್ತೆ."

"ಹುಳಿ ವಿಷಯ ನಂಗೆ ಚೆನ್ನಾಗಿ ಗೊತ್ತು. ನನ್ನ ಹೊಟ್ಟೆಗೆ ಬಂದ್ರೆ ಬಾಗ್ಲಲ್ಲೇ ಬಿಚ್ಕೊಂಡುಬಿಡತ್ತೆ."

ಯಾರೂ ನಗಲಿಲ್ಲ. ಇನ್‌ಸ್ಪೆಕ್ಟರ್ ಗಂಟಲು ಸರಿಪಡಿಸಿಕೊಂಡರು. "ಅಂದ್ರೆ ಒಳ್ಳೇದೇ ಅಲ್ವಾ? ಕದ್ದೋನು ಯಾರಿಗೋ ಕೊಟ್ರೆ ಅಷ್ಟು ಭಯ ಯಾಕೆ?"

"ಇದನ್ನ ಕಲಸೋದಕ್ಕೆ ನಾವೇ ಮಾಡಿಟ್ಟ ದ್ರಾವಣ ಇದೆ. ನೋಡೋಕೆ ನೀರೇ. ಅದ್ರಲ್ಲಿ ಕಲಸಿದ್ರೆ ಹಾಲಿನ ಹಾಗೆ ಬೆಳ್ಳಗಾಗತ್ತೆ. ಬೆಳ್ಳಗಿದ್ರೆ ಡಬ್ಬಿ ಮುಚ್ಚಿದೆ ಅಂತ ಅರ್ಥ. ಆಸ್ಪತ್ರೆಯಲ್ಲಿ ತೂಗುಹಾಕ್ತಾರಲ್ಲ ಗ್ಲೂಕೋಸ್ ಬಾಟಲಿ, ಅದು ಗಡ್ಡೆಗಿಂತ ಹುಳಿ ಸಾರ್. ಅದ್ರಲ್ಲಿ ಕಲಸಿದ್ರೂ ಮೊದಲು ಬೆಳ್ಳಗೇ ಇರತ್ತೆ. ಒಂದು ಗಂಟೆ ಬಿಟ್ರೆ ನಿಧಾನವಾಗಿ ತಿಳಿಯಾಗತ್ತೆ. ತಿಳಿಯಾಯ್ತು ಅಂದ್ರೆ ಎಲ್ಲಾ ಡಬ್ಬಿ ಬಾಟಲಿಯಲ್ಲೇ ಬಿಚ್ಕೊಂಡಿದೆ. ಆಮೇಲೆ ನರಕ್ಕೆ ಹೋಗೋದು ಬರೀ ವಿಷ."

ಇನ್‌ಸ್ಪೆಕ್ಟರ್‌ಗೆ ಆಗ ಮೊದಲ ಸಲ ಹೆದರಿಕೆಯಾಯಿತು. ಇಪ್ಪತ್ತೆರಡು ವರ್ಷದ ಕೆಲಸದಲ್ಲಿ ಅವರು ನೋಡಿದ್ದೆಲ್ಲ ಆಗಿಹೋದ ಸಾವುಗಳು. ಆಗಿಹೋದದ್ದಕ್ಕೆ ಅವಸರವಿಲ್ಲ, ಹೆಣ ಎಲ್ಲೂ ಓಡಿಹೋಗುವುದಿಲ್ಲ. ಈ ಸಾವು ಇನ್ನೂ ಆಗಿರಲಿಲ್ಲ. ಊರಿನ ಯಾವುದೋ ಮನೆಯಲ್ಲಿ ಯಾರೋ ಅದಕ್ಕೆ ಸಿದ್ಧತೆ ಮಾಡಿಕೊಳ್ಳುತ್ತಿರಬಹುದು.

ಶೀತಲ ಕೋಣೆಯ ಬೀಗಕ್ಕೆ ಎರಡೇ ಕೀಲಿಕೈ. ಒಂದು ವಿಜ್ಞಾನಿಯ ಹತ್ತಿರ, ಇನ್ನೊಂದು ಸಂಶೋಧನಾ ವಿದ್ಯಾರ್ಥಿನಿಯ ಹತ್ತಿರ. ವಿದ್ಯಾರ್ಥಿನಿಯನ್ನು 10 ಗಂಟೆ 50ಕ್ಕೆ ವಿಚಾರಣೆಗೆ ಕೂರಿಸಿದರು. ಅವಳು ಕೂತ ತಕ್ಷಣ ಕೇಳದೆಯೇ "ನಾನು ತಗೊಂಡಿಲ್ಲ ಸಾರ್" ಎಂದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. ಗಡಿಯಾರ ಪೆನ್ನಿನ ಮುಚ್ಚಳ ತೆಗೆದ.

"ಕೀಲಿಕೈ ಎಲ್ಲಿದೆ?"

"ಏಪ್ರನ್ ಜೇಬಲ್ಲಿ ಸಾರ್. ಯಾವಾಗ್ಲೂ."

"ನಿನ್ನೆ?"

"ನಿನ್ನೇನೂ ಅಲ್ಲೇ."

"ಏಪ್ರನ್ ಎಲ್ಲಿತ್ತು?"

ಚಿಕ್ಕಮ್ಮ ಕುರ್ಚಿಯನ್ನು ಅವಳ ಪಕ್ಕಕ್ಕೆಳೆದು ಕೂತಳು. "ನೋಡಮ್ಮ, ತಪ್ಪಾಗಿದ್ರೆ ಬೈಸ್ಕೋತೀಯ, ಅಷ್ಟೇ. ಈಗ ಹೇಳ್ದೆ ಯಾರಾದ್ರೂ ಸತ್ರೆ ಜೀವಮಾನ ಪೂರ್ತಿ ಹೊರಬೇಕಾಗತ್ತೆ."

ವಿದ್ಯಾರ್ಥಿನಿ ಅತ್ತಳು, ಆಮೇಲೆ ಹೇಳಿದಳು. ಮಧ್ಯಾಹ್ನ ಇಲಿಗಳಿಗೆ ಸೂಜಿ ಹಾಕುವ ಹೊತ್ತಿನಲ್ಲಿ ಏಪ್ರನ್ ಬದಲಾಯಿಸಬೇಕು. ತನ್ನದನ್ನು ಪ್ರಾಣಿಕೋಣೆಯ ಹೊರಗಿನ ಗೂಟಕ್ಕೆ ತೂಗುಹಾಕಿ ಒಳಗೆ ಹೋಗುತ್ತಾಳೆ. ಒಂದು ಗಂಟೆ ಅಲ್ಲೇ ಇರುತ್ತದೆ. ಕೀಲಿಕೈ ತೆಗೆದಿಟ್ಟುಕೊಳ್ಳಬೇಕೆಂಬ ನಿಯಮವಿದೆ, ಆದರೆ ಯಾವತ್ತೂ ತೆಗೆದಿಟ್ಟಿಲ್ಲ.

"ಆ ಕಡೆ ಯಾರ್‍ಯಾರು ಓಡಾಡ್ತಾರೆ?"

"ಎಲ್ರೂ ಸಾರ್. ಅದು ಊಟದ ಕೋಣೆಗೆ ಹೋಗೋ ದಾರಿ."

ಎಲ್ಲರೂ ಅಂದರೆ ಮೂವತ್ತೆಂಟು ಜನ. ಒಬ್ಬೊಬ್ಬರನ್ನೇ ಕೇಳುತ್ತ ಕೂತರೆ ಸಂಜೆಯಾಗುತ್ತದೆ. ಇನ್‌ಸ್ಪೆಕ್ಟರ್ ಕಾರಿಡಾರಿನಲ್ಲಿ ಎರಡು ಸಲ ಓಡಾಡಿ ವಿಜ್ಞಾನಿಯ ಕೋಣೆಗೆ ವಾಪಸಾದರು. ತಲೆಯಲ್ಲಿ ಒಂದೇ ಪ್ರಶ್ನೆ ಕೊರೆಯುತ್ತಿತ್ತು.

"ಹನ್ನೊಂದೇ ಯಾಕೆ ಮೇಡಂ? ಮಾರೋನಾದ್ರೆ ನಲವತ್ತೂ ಎತ್ತಿರ್ತಿದ್ದ. ನೋಡೋಣ ಅಂತ ತಗೊಂಡಿದ್ರೆ ಒಂದೋ ಎರಡೋ ಸಾಕಿತ್ತು. ಹನ್ನೊಂದು ಅನ್ನೋದು ಯಾರೋ ಲೆಕ್ಕ ಹಾಕಿ ತಗೊಂಡ ಹಾಗಿದೆ. ಒಬ್ಬ ರೋಗಿಗೆ ಎಷ್ಟು ಬೇಕು?"

"ಮನುಷ್ಯರಿಗೆ ಇನ್ನೂ ಕೊಟ್ಟೇ ಇಲ್ಲ ಸಾರ್. ಕೊಟ್ರೆ, ಒಂದು ಸಲಕ್ಕೆ ಒಂದು ಸೀಸೆ. ಅದೂ ಹೆದರ್ತಾ ಹೆದರ್ತಾ."

"ಹನ್ನೊಂದು ಯಾವ ಲೆಕ್ಕಕ್ಕೆ ಬರತ್ತೆ?"

ವಿಜ್ಞಾನಿ ಕಾಗದ ಎಳೆದುಕೊಂಡು ಗುಣಿಸಿದರು. ಪೆನ್ನು ನಡುವೆ ನಿಂತಿತು. 

"ಇಲಿ ಲೆಕ್ಕ ಸಾರ್. ಇಪ್ಪತ್ತೈದು ಗ್ರಾಂ ಇಲಿಗೆ ನಾವು ಕೊಡೋ ಪ್ರಮಾಣನ ತೂಕದ ಪ್ರಕಾರ ನೇರವಾಗಿ ಮನುಷ್ಯರಿಗೆ ಏರಿಸಿದ್ರೆ ಹನ್ನೊಂದು ಬರತ್ತೆ. ನಲವತ್ತೆರಡು ಕಿಲೋ, ನಲವತ್ಮೂರು ಕಿಲೋ ಮನುಷ್ಯರಿಗೆ. ಆದ್ರೆ ಯಾವ ಡಾಕ್ಟ್ರೂ ಹಾಗೆ ಮಾಡಲ್ಲ. ಇಲಿ ಮೈ ಔಷಧಿನ ಬೇಗ ಸುಟ್ಟು ಹಾಕತ್ತೆ. ಅದಕ್ಕೆ ಕೊಟ್ಟದ್ದರಲ್ಲಿ ಹನ್ನೆರಡರಲ್ಲಿ ಒಂದು ಪಾಲು ಮಾತ್ರ ನಮಗೆ. ಇದು ಓದಿದ ಪ್ರತಿಯೊಬ್ರಿಗೂ ಗೊತ್ತು. ನನ್ನ ವಿದ್ಯಾರ್ಥಿಗಳಿಗೂ ಗೊತ್ತು."

"ಓದದೆ, ಬರೀ ಇಲಿ ನೋಡಿ ಕಲಿತೋರು ಯಾರಿದಾರೆ ಇಲ್ಲಿ?"

"ಇಲಿಮಾವ," ಎಂದರು ವಿಜ್ಞಾನಿ ಮೆಲ್ಲಗೆ.

ಇಲಿಮಾವ ಎಂದರೆ ಪ್ರಾಣಿಕೋಣೆ ನೋಡಿಕೊಳ್ಳುವವನು. ವಿದ್ಯಾರ್ಥಿಗಳು ಪ್ರೀತಿಯಿಂದ ಇಟ್ಟ ಹೆಸರು. ಹತ್ತೊಂಬತ್ತು ವರ್ಷದಿಂದ ಪಂಜರ ತೊಳೆದು, ಮರದ ಪುಡಿ ಹರಡಿ, ನೀರು ಬದಲಾಯಿಸಿ, ಬೆಳಿಗ್ಗೆ ಸಂಜೆ ಒಂದೊಂದು ಇಲಿಯನ್ನೂ ತೂಕ ಮಾಡಿ ಬರೆದಿಟ್ಟವನು. ಈ ದಿನ ರಜೆಯಲ್ಲಿದ್ದ. ಹತ್ತೊಂಬತ್ತು ವರ್ಷದಲ್ಲಿ ಅವನು ಹಾಕಿದ ರಜೆಗಳನ್ನು ಬೆರಳಲ್ಲೇ ಎಣಿಸಬಹುದಿತ್ತು.

11 ಗಂಟೆ 20ಕ್ಕೆ ಪಂಚರ ಸಮಕ್ಷಮ ಪ್ರಾಣಿಕೋಣೆಯ ಶೋಧ ನಡೆಯಿತು. ಅಷ್ಟು ಚೊಕ್ಕಟವಾದ ಕೋಣೆಯನ್ನು ಇನ್‌ಸ್ಪೆಕ್ಟರ್ ಆ ಕಟ್ಟಡದಲ್ಲಿ ಬೇರೆ ನೋಡಿರಲಿಲ್ಲ. ಗೋಡೆಯುದ್ದಕ್ಕೂ ಪಂಜರ, ಪ್ರತಿ ಪಂಜರಕ್ಕೂ ಚೀಟಿ. ಔಷಧಿ ಪಡೆದ ಇಲಿಗಳ ಸಾಲು ಒಂದು ಕಡೆ, ಪಡೆಯದವುಗಳ ಸಾಲು ಇನ್ನೊಂದು ಕಡೆ. ಪಡೆದವು ಓಡಾಡುತ್ತಿದ್ದವು. ಆಚೆಯ ಸಾಲಿನವುಗಳ ಬದಿಯಲ್ಲಿ ಗಡ್ಡೆಗಳು ಉಬ್ಬಿದ್ದವು. ಚಿಕ್ಕಮ್ಮ ಒಂದು ನೋಟ ನೋಡಿ ಮುಖ ತಿರುಗಿಸಿದಳು.

"ಬೆಟ್ಟ ಅಗೆದು ಇಲಿ ಹಿಡಿಯೋದು ಅಂದ್ರೆ ಇದೇ ಇರ್ಬೇಕು," ಎಂದು ಗೊಣಗಿದ ಗಡಿಯಾರ, ಕಸದ ಬುಟ್ಟಿಯನ್ನು ಕಾಗದದ ಮೇಲೆ ಸುರಿದು ಕೆದಕುತ್ತ. ಅದರಲ್ಲಿ ಮೇವಿನ ಚೀಲದಿಂದ ಹರಿದ ಒಂದು ತುಂಡು ಸಿಕ್ಕಿತು. ಪೆನ್ಸಿಲಿನಲ್ಲಿ ಗುಣಾಕಾರ, ಅಳಿಸಿ ಮತ್ತೆ ಮಾಡಿದ ಗುಣಾಕಾರ. ಎಡಗಡೆ 25, ಬಲಗಡೆ 42. ಕೆಳಗೆ ಹತ್ತೂವರೆ ಎಂದು ಬರೆದು, ಅದನ್ನು ಹೊಡೆದು, ಹನ್ನೊಂದು ಎಂದು ದೊಡ್ಡದಾಗಿ ಬರೆಯಲಾಗಿತ್ತು. ತುಂಡನ್ನು ಜಪ್ತಿ ಮಾಡಿ ಮೊಹರು ಹಾಕಿದರು.

ಗೇಟಿನ ಕಾವಲುಗಾರನ ಹೇಳಿಕೆ ಎರಡೇ ಸಾಲು. ಇಲಿಮಾವ ಹಿಂದಿನ ದಿನ ಸಂಜೆ 6 ಗಂಟೆ 10ಕ್ಕೆ ಹೊರಟ. ಅವನ ಊಟದ ಕ್ಯಾರಿಯರ್‌ನಿಂದ ನೀರು ತೊಟ್ಟಿಕ್ಕುತ್ತಿತ್ತು, ಕೇಳಿದ್ದಕ್ಕೆ ತೊಳೆದಿಟ್ಟಿದ್ದೆ ಅಂದ.

"ಮಂಜುಗಡ್ಡೆ. ಸೀಸೆ ತಣ್ಣಗಿರ್ಲಿ ಅಂತ," ಎಂದರು ವಿಜ್ಞಾನಿ.

ಅವನ ಮೊಬೈಲ್ ಬಂದ್ ಆಗಿತ್ತು. ದಾಖಲೆಯಲ್ಲಿದ್ದ ವಿಳಾಸಕ್ಕೆ ಜೀಪು ತಲುಪಿದಾಗ 11 ಗಂಟೆ 45. ವಿಜ್ಞಾನಿಯೂ ಜೊತೆಗೆ ಬಂದಿದ್ದರು, ಬೇಡವೆಂದರೂ ಕೇಳಿರಲಿಲ್ಲ. ಬಾಗಿಲಿಗೆ ಬೀಗ. ಕೆಳಗಿನ ಮನೆಯ ಮುದುಕ ಬಟ್ಟೆ ಒಣಹಾಕುತ್ತಿದ್ದ.

"ಎರಡು ತಿಂಗಳಿಂದ ಇಲ್ಲಿ ಮಲಗಲ್ಲ ಸ್ವಾಮಿ. ಅಕ್ಕನ ಮನೇಲಿ ಇರ್ತಾನೆ. ಅಕ್ಕಂಗೆ ಹುಷಾರಿಲ್ಲ."

"ಏನಾಗಿದೆ?"

ಮುದುಕ ಕ್ಲಿಪ್ಪನ್ನು ಬಾಯಿಂದ ತೆಗೆದ. "ಹೊಟ್ಟೇಲಿ ಗಡ್ಡೆ. ಡಾಕ್ಟ್ರು ಕೈಬಿಟ್ರಂತೆ. ಪಾಪ, ಅವನನ್ನ ಸಾಕಿದ್ದೇ ಅಕ್ಕ. ತಾಯಿ ಹೋದಾಗ ಇವನಿಗೆ ಮೂರು ವರ್ಷ."

"ಅಕ್ಕನ ಮನೆ ಎಲ್ಲಿ?"

"ಅದು ಗೊತ್ತಿಲ್ಲ. ಅಕ್ಕನ ಮಗಳು ನರ್ಸು. ಆ ಸೇತುವೆ ಹತ್ರದ ನರ್ಸಿಂಗ್ ಹೋಂನಲ್ಲಿ."

ನರ್ಸು ಎಂಬ ಮಾತು ಕೇಳಿ ವಿಜ್ಞಾನಿ ಜೀಪಿನ ಬಾಗಿಲು ಹಿಡಿದುಕೊಂಡರು. ಇನ್‌ಸ್ಪೆಕ್ಟರ್ ಏನಾಯಿತೆಂದು ಕೇಳಿದರು.

"ನರ್ಸು ಏನು ಮಾಡ್ತಾರೆ ಸಾರ್? ಪುಡಿ ಕೊಟ್ರೆ ಗ್ಲೂಕೋಸ್‌ನಲ್ಲಿ ಕಲಸ್ತಾರೆ. ಕೈಗೆ ಅಭ್ಯಾಸ ಅದು. ಕೇಳೋದೇ ಬೇಡ."

ನರ್ಸಿಂಗ್ ಹೋಂನ ಮೇಟ್ರನ್ ಕೈಯಲ್ಲಿ ಚಾಕು ಹಿಡಿದು ಸೇಬು ಹೆಚ್ಚುತ್ತಿದ್ದಳು. ಸಮಯ 12 ಗಂಟೆ 4 ನಿಮಿಷ.

"ಅವಳು ಇವತ್ತು ರಜಾ. ಬೆಳಿಗ್ಗೆ ಬಂದು ಒಂದು ಗ್ಲೂಕೋಸ್ ಬಾಟಲಿ, ಡ್ರಿಪ್ ಸೆಟ್ಟು, ಸೂಜಿ ತಗೊಂಡು ಹೋದ್ಲು. ಅಮ್ಮಂಗೆ ನಿಶ್ಶಕ್ತಿ ಅಂದ್ಲು. ನಾನೇ ಕೊಟ್ಟೆ. ಏನಾಯ್ತು?"

"ಎಷ್ಟು ಹೊತ್ತಿಗೆ?"

"ಹತ್ತೂವರೆ."

"ಮನೆ ಎಷ್ಟು ದೂರ?"

"ಬಸ್ಸಲ್ಲಿ ಅರ್ಧ ಗಂಟೆ."

ಗಡಿಯಾರ ಬೆರಳು ಮಡಿಸಿದ. ಹನ್ನೊಂದಕ್ಕೆ ಮನೆ, ಹನ್ನೊಂದೂ ಕಾಲಿಗೆ ಕಲಸಿದರೂ ಒಂದು ಗಂಟೆಯಲ್ಲಿ ತಿಳಿಯಾದರೆ... ಅವನು ಬೆರಳು ಬಿಡಿಸಿದ. ಆ ದಿನ ಮೊದಲ ಸಲ ಅವನು ಸಮಯ ಹೇಳಲಿಲ್ಲ. ಮೇಟ್ರನ್ ಮನೆಯ ವಿಳಾಸವನ್ನೂ ಫೋನ್ ನಂಬರನ್ನೂ ಬರೆದುಕೊಟ್ಟಳು. ಆ ನಂಬರಿಗೆ ಚಿಕ್ಕಮ್ಮ ಹನ್ನೆರಡು ಸಲ ಫೋನ್ ಮಾಡಿದಳು. ರಿಂಗ್ ಆಗುತ್ತಿತ್ತು, ಯಾರೂ ಎತ್ತಲಿಲ್ಲ.

"ಕಲಸಿದ ಕೂಡ್ಲೇ ಹಾಕಿದ್ರೆ?" ಎಂದು ಕೇಳಿದರು ಇನ್‌ಸ್ಪೆಕ್ಟರ್, ಜೀಪು ಓಡುತ್ತಿದ್ದಂತೆ.

"ಹನ್ನೊಂದು ಸೀಸೆ ಅಂದ್ರೆ, ಡಬ್ಬಿ ಮುಚ್ಚಿದ್ರೂ ಕಷ್ಟ. ಬಿಚ್ಚಿದ್ರೆ ಉಳಿಯೋದೇ ಇಲ್ಲ." ವಿಜ್ಞಾನಿ ತಮ್ಮ ಎರಡು ಬಣ್ಣದ ಚಪ್ಪಲಿಗಳನ್ನು ನೋಡಿಕೊಂಡರು. "ನಾನೇ ಅವನಿಗೆ ತೋರಿಸಿದ್ದೆ ಸಾರ್. ಹೋದ ತಿಂಗಳು, ಗಡ್ಡೆ ಕರಗಿದ ಇಲಿನ ಕೈಯಲ್ಲಿ ಹಿಡ್ಕೊಂಡು, ನೋಡಪ್ಪ, ಇದು ಬದುಕಿಬಿಡ್ತು ಅಂದೆ. ಸಂತೋಷದಲ್ಲಿ ಅಂದೆ."

ಇನ್‌ಸ್ಪೆಕ್ಟರ್‌ಗೆ ಎದೆಯುರಿ ಗಂಟಲಿಗೆ ಬಂದಿತ್ತು, ಮಾತ್ರೆ ತೆಗೆಯಲೂ ಮನಸ್ಸಾಗಲಿಲ್ಲ. ಮುಂದೆ ಇಟ್ಟಿಗೆ ತುಂಬಿದ ಲಾರಿಯೊಂದು ಓಣಿಗೆ ಅಡ್ಡ ನಿಂತಿತ್ತು. ಚಾಲಕ ಕಾಣಲಿಲ್ಲ. ಎಲ್ಲರೂ ಇಳಿದು ಓಡಿದರು. ನಾಲ್ಕು ಅಂತಸ್ತಿನ ಕಟ್ಟಡ, ಮನೆ ಮೂರನೆಯದರಲ್ಲಿ. ಮೆಟ್ಟಿಲು ಹತ್ತುವಾಗ ಇನ್‌ಸ್ಪೆಕ್ಟರ್ ಮೇಲಿನಿಂದ ಅಳು ಕೇಳಿಸುತ್ತದೆಯೇ ಎಂದು ಕಿವಿಗೊಟ್ಟರು. ಏನೂ ಕೇಳಿಸಲಿಲ್ಲ. ಅದು ಒಳ್ಳೆಯದೋ ಕೆಟ್ಟದ್ದೋ ಅವರಿಗೆ ತಿಳಿಯಲಿಲ್ಲ.

ಚಿಕ್ಕಮ್ಮ ಎಲ್ಲರಿಗಿಂತ ಮುಂದಿದ್ದಳು. ಬಾಗಿಲು ಬಡಿದಳು. ಒಳಗಿನ ಚಿಲಕ ತೆಗೆಯಲು ಯಾರೂ ಬರಲಿಲ್ಲ. ಗಡಿಯಾರ ಭುಜ ಕೊಟ್ಟ, ಮೂರನೆಯ ಹೊಡೆತಕ್ಕೆ ಚಿಲಕ ಕಿತ್ತುಬಂತು. 12 ಗಂಟೆ 31 ನಿಮಿಷ.

ಒಂದೇ ಕೋಣೆ, ಮೂಲೆಯಲ್ಲಿ ಅಡುಗೆಯ ಕಟ್ಟೆ, ಗೋಡೆಗೆ ಒತ್ತಿದ ಮಂಚ. ಮಂಚದಲ್ಲಿ ಒಬ್ಬ ಹೆಂಗಸು, ಹೊದಿಕೆಯಡಿಯಲ್ಲಿ ಮಗುವಿನಷ್ಟೇ ಗಾತ್ರ. ಕಿಟಕಿಯ ಸರಳಿಗೆ ದಾರ ಕಟ್ಟಿ ಬಾಟಲಿ ತೂಗುಹಾಕಿದ್ದರು. ಬಾಟಲಿಯೊಳಗಿನ ದ್ರವ ಕೊಳದ ನೀರಿಗಿಂತ ತಿಳಿಯಾಗಿತ್ತು. ಕೊಳವೆಯೊಳಗೆ ಹನಿ ಬೀಳುತ್ತಿತ್ತು.

"ತಿಳಿಯಾಗಿದೆ!" ವಿಜ್ಞಾನಿ ಬಾಗಿಲಲ್ಲೇ ಕಿರುಚಿದರು. "ನಿಲ್ಸಿ, ನಿಲ್ಸಿ!"

ಚಿಕ್ಕಮ್ಮ ಕೊಳವೆಯನ್ನು ಎರಡಾಗಿ ಮಡಚಿ ಮುಷ್ಟಿಯಲ್ಲಿ ಹಿಸುಕಿದಳು. ಇನ್ನೊಂದು ಕೈಯಿಂದ ಪಟ್ಟಿ ಕಿತ್ತು ಸೂಜಿಯನ್ನು ಹೊರಗೆಳೆದಳು. ಮಂಚದ ಪಕ್ಕದ ಕುರ್ಚಿಯಿಂದ ಒಬ್ಬ ಎದ್ದು ಅವಳ ಮೇಲೆ ಬಿದ್ದ. ಸಣಕಲು ಮನುಷ್ಯ, ಕೆನ್ನೆಯಲ್ಲಿ ನರೆತ ಗಡ್ಡ. ಗಡಿಯಾರ ಅವನನ್ನು ಹಿಂದಿನಿಂದ ತಬ್ಬಿ ಹಿಡಿದ.

"ಬಿಡಿ ಸಾರ್, ಇನ್ನೊಂದು ಗಂಟೆ ಬಿಡಿ! ಕಾಲಿಗೆ ಬೀಳ್ತೀನಿ. ಮುಗಿದ ಮೇಲೆ ನಾನೇ ಬರ್ತೀನಿ, ಎಲ್ಲಿಗೆ ಬೇಕಾದ್ರೂ ಬರ್ತೀನಿ!"

"ಅದು ವಿಷ ಕಣಪ್ಪ," ಎಂದರು ವಿಜ್ಞಾನಿ. ಅವರ ದನಿ ಒಡೆದಿತ್ತು. "ನೀನು ದಿನಾ ನೋಡಿಲ್ವಾ? ನಾವು ಇಲಿಗೆ ಕೊಡೋದು ಯಾವ ಬಣ್ಣ ಇರತ್ತೆ?"

ಇಲಿಮಾವ ಕೊಸರಾಡುವುದನ್ನು ನಿಲ್ಲಿಸಿದ. ಬಾಟಲಿಯನ್ನು ನೋಡಿದ. ಆಮೇಲೆ ಗೋಡೆಗೆ ಬೆನ್ನು ಕೊಟ್ಟು ನಿಂತಿದ್ದ ಹುಡುಗಿಯನ್ನು ನೋಡಿದ. ಅವಳೇ ಅಕ್ಕನ ಮಗಳು. ಅವಳ ಕೈಯಲ್ಲಿ ಇನ್ನೂ ಹತ್ತಿಯ ಉಂಡೆ ಇತ್ತು.

"ನಾನು ಹೇಳ್ದೆ ಇವಳಿಗೆ. ಬೆಳ್ಳಗಿರ್ಬೇಕು ಅಂತ ಹೇಳ್ದೆ," ಎಂದ.

"ಕದಡಿರೋದನ್ನ ನರಕ್ಕೆ ಹಾಕ್ಬಾರ್ದು ಮಾವ," ಎಂದಳು ಹುಡುಗಿ, ಪಾಠ ಒಪ್ಪಿಸುವ ದನಿಯಲ್ಲಿ. "ಮೊದಲನೇ ವರ್ಷನೇ ಕಲಿಸ್ತಾರೆ. ತಿಳಿಯಾಗೋವರೆಗೂ ಕಾಯ್ಬೇಕು. ನಾನು ಕಾದೆ. ಒಂದು ಗಂಟೆ ಕಾದೆ. ಈಗಷ್ಟೇ, ಆರೇಳು ನಿಮಿಷದ ಹಿಂದೆ..." ಅವಳಿಗೆ ತಾನು ಏನು ಹೇಳುತ್ತಿದ್ದೇನೆಂದು ಅರ್ಥವಾಗುತ್ತ ಬಂದಂತೆ ಮಾತು ನಿಂತಿತು. ಅವಳು ಅಲ್ಲೇ ನೆಲಕ್ಕೆ ಕುಸಿದಳು.

ಅವಳು ಮೊದಲ ಹನಿಗಳನ್ನು ಬಹಳ ನಿಧಾನಕ್ಕೆ ಬಿಟ್ಟಿದ್ದಳು. ಹೊಸ ಔಷಧಿಯನ್ನು ಹಾಗೇ ಶುರು ಮಾಡಬೇಕೆಂಬುದೂ ಅವಳು ಕಲಿತ ಪಾಠವೇ. ದೇಹಕ್ಕೆ ಹೋದದ್ದು ಒಂದು ಚಮಚಕ್ಕಿಂತ ಕಡಿಮೆ ಎಂದು ಆಸ್ಪತ್ರೆಯ ವೈದ್ಯರು ಆಮೇಲೆ ವರದಿ ಕೊಟ್ಟರು. ಒಂದು ಪಾಠ ಕೊಲ್ಲುವುದರಲ್ಲಿತ್ತು, ಇನ್ನೊಂದು ಉಳಿಸಿತು. ಆದರೆ ಆ ಹೊತ್ತಿಗೆ ಆ ಕೋಣೆಯಲ್ಲಿ ಯಾರಿಗೂ ಇದು ಗೊತ್ತಿರಲಿಲ್ಲ. ಆಂಬ್ಯುಲೆನ್ಸ್ ಬರುವವರೆಗಿನ ಹದಿನಾಲ್ಕು ನಿಮಿಷ ಎಲ್ಲರೂ ಆ ಹೆಂಗಸಿನ ಎದೆಯ ಮೇಲಿನ ಹೊದಿಕೆ ಏರಿಳಿಯುವುದನ್ನೇ ನೋಡುತ್ತ ನಿಂತಿದ್ದರು. ಹೆಂಗಸು ಮಾತ್ರ ತಮ್ಮನ ಕಡೆ ಕೈಚಾಚಿ, "ಅವನನ್ನ ಹಾಗೆ ಹಿಡೀಬೇಡ್ರಪ್ಪ, ಭುಜ ನೋವಿದೆ ಅವನಿಗೆ" ಎಂದಳು.

ಬಾಟಲಿ, ಕೊಳವೆ, ಹನ್ನೊಂದು ಖಾಲಿ ಸೀಸೆ, ಊಟದ ಕ್ಯಾರಿಯರ್, ಇವನ್ನೆಲ್ಲ ಪಂಚನಾಮೆ ಮಾಡಿ ವಶಕ್ಕೆ ತೆಗೆದುಕೊಂಡರು. 1 ಗಂಟೆ 20ಕ್ಕೆ ಇಲಿಮಾವನನ್ನು ಬಂಧಿಸಲಾಯಿತು. ಹುಡುಗಿಯ ಹೆಸರು ಎರಡನೆಯ ಆರೋಪಿಯಾಗಿ ಸೇರಿತು. ಕದ್ದದ್ದೆಂದು ಅವಳಿಗೆ ಗೊತ್ತಿತ್ತೇ ಇಲ್ಲವೇ ಎಂಬುದನ್ನು ನ್ಯಾಯಾಲಯ ನೋಡಿಕೊಳ್ಳಬೇಕು.

ಠಾಣೆಯಲ್ಲಿ ಇಲಿಮಾವ ಏನನ್ನೂ ಮುಚ್ಚಿಡಲಿಲ್ಲ. ಹೇಳಿಕೆ ಬರೆದುಕೊಂಡದ್ದು ಗಡಿಯಾರ.

"ಅಕ್ಕನ ಮೇಲೆ ಪ್ರೀತಿ, ಅದಕ್ಕೆ ಕದ್ದೆ. ಹಾಗೇ ಬರ್ಕೊಳ್ಳೋಣ್ವಾ?" ಎಂದು ಕೇಳಿದರು ಇನ್‌ಸ್ಪೆಕ್ಟರ್.

"ಪ್ರೀತಿ ಅಲ್ಲ ಸಾರ್. ಹೆದರಿಕೆ. ಹೆದರಿ ಮಾಡ್ದೆ."

"ಯಾವುದಕ್ಕೆ ಹೆದರಿಕೆ?"

"ಹತ್ತೊಂಬತ್ತು ವರ್ಷದಲ್ಲಿ ನನ್ನ ಕೈಯಲ್ಲಿ ಎಷ್ಟು ಇಲಿ ಸತ್ತಿದಾವೋ ಲೆಕ್ಕ ಇಲ್ಲ ಸಾರ್. ಹೋಗೋ ಇಲಿ ಯಾವುದು ಅಂತ ನಂಗೆ ಮೊದ್ಲೇ ಗೊತ್ತಾಗತ್ತೆ. ನಮ್ಮ ಲ್ಯಾಬಿನ ಡಾಕ್ಟ್ರಮ್ಮನಿಗಿಂತ ಮೊದ್ಲೇ ಗೊತ್ತಾಗತ್ತೆ. ಮೊದ್ಲು ತಿನ್ನೋದು ಬಿಡತ್ತೆ. ಆಮೇಲೆ ಗುಂಪು ಬಿಟ್ಟು ಮೂಲೆಗೆ ಹೋಗತ್ತೆ. ಕೊನೇಗೆ ಎಲ್ರಿಗೂ ಬೆನ್ನು ಮಾಡಿ ಗೋಡೆ ಕಡೆ ತಿರುಗಿ ಕೂತ್ಬಿಡತ್ತೆ. ತಿರುಗಿದ ಮೇಲೆ ಮೂರು ದಿನ. ಹೆಚ್ಚಂದ್ರೆ ನಾಲ್ಕು." ಅವನು ಮೇಜಿನ ಅಂಚನ್ನು ಉಗುರಿನಿಂದ ಕೆರೆದ. "ಸೋಮವಾರ ನಾನು ಕೆಲಸದಿಂದ ಬಂದಾಗ ಅಕ್ಕ ಗೋಡೆ ಕಡೆ ತಿರುಗಿ ಮಲಗಿದ್ಲು. ಕರೆದ್ರೂ ತಿರುಗಲಿಲ್ಲ. ಮಾರನೇ ದಿನ ಸೀಸೆ ತಗೊಂಡೆ."

ಗಡಿಯಾರ ಬರೆಯುವುದನ್ನು ನಿಲ್ಲಿಸಿ ಇನ್‌ಸ್ಪೆಕ್ಟರ್ ಮುಖ ನೋಡಿದ. ಎಲ್ಲವನ್ನೂ ಬರೆಯುವಂತೆ ಅವರು ಸನ್ನೆ ಮಾಡಿದರು.

ಭಾನುವಾರದ ಹೊತ್ತಿಗೆ ಅಕ್ಕನ ವಾಂತಿ ನಿಂತಿತ್ತು. ಅವಳ ಹೇಳಿಕೆ ಪಡೆಯಲು ಇನ್‌ಸ್ಪೆಕ್ಟರ್ ಗಡಿಯಾರನೊಂದಿಗೆ ವಾರ್ಡಿಗೆ ಹೋದರು. ಅವಳು ದಿಂಬಿಗೆ ಒರಗಿ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು, ಸಪ್ಪೆ ಗಂಜಿಯ ಬಟ್ಟಲು ಅರ್ಧ ಖಾಲಿಯಾಗಿತ್ತು. ಮೂರು ದಿನ ಎಂದು ತಮ್ಮ ಹಾಕಿದ್ದ ಗಡುವು ಮೀರಿ ಆರನೆಯ ದಿನ ನಡೆಯುತ್ತಿತ್ತು. ಕೇಳಬೇಕಾದ್ದೆಲ್ಲ ಕೇಳಿ ಮುಗಿದ ಮೇಲೆ ಇನ್‌ಸ್ಪೆಕ್ಟರ್ ಇನ್ನೊಂದು ಪ್ರಶ್ನೆ ಕೇಳಿದರು. ಅದು ಪ್ರಕರಣಕ್ಕೆ ಬೇಕಾದ ಪ್ರಶ್ನೆಯಾಗಿರಲಿಲ್ಲ.

"ಸೋಮವಾರ ಯಾಕಮ್ಮ ಗೋಡೆ ಕಡೆ ತಿರುಗಿ ಮಲಗಿದ್ರಿ? ನೋವಿತ್ತಾ?"

"ನೋವು ಯಾವಾಗ್ಲೂ ಇರತ್ತಪ್ಪ. ಅದಕ್ಕಲ್ಲ. ಅವನು ಮನೇಲಿರೋ ಹೊತ್ತೆಲ್ಲ ಕುರ್ಚಿ ಹಾಕ್ಕೊಂಡು ನನ್ನ ಮುಖನೇ ನೋಡ್ತಾ ಕೂತಿರ್ತಿದ್ದ. ಉಸಿರು ಎಣಿಸ್ತಿದ್ದ. ನಾನು ಒಂದು ತುತ್ತು ಬಿಟ್ರೆ ಅವನ ಮುಖ ಬಿಳಿಚಿಕೊಳ್ತಿತ್ತು. ಆ ಮುಖ ನೋಡಿ ನಂಗೆ ಸಾವಿನ ಭಯ ಬರ್ತಿತ್ತು, ಇಲ್ಲದಿದ್ರೆ ಇರ್ಲಿಲ್ಲ. ಅದಕ್ಕೆ ಅವನು ಬರೋ ಹೊತ್ತಿಗೆ ಗೋಡೆ ಕಡೆ ತಿರುಗಿ ನಿದ್ದೆ ಬಂದೋರ ಹಾಗೆ ಮಲಗ್ದೆ." ಅವಳು ಸೆರಗಿನಿಂದ ಬಾಯಿ ಒರೆಸಿಕೊಂಡಳು. "ಇದನ್ನ ಅವನಿಗೆ ಹೇಳ್ಬೇಡಿ."

ಗಡಿಯಾರ ಕೊನೆಯ ಮಾತಿನವರೆಗೂ ಬರೆದಿದ್ದ. ಸಾಕ್ಷಿಗಳ ಹೇಳಿಕೆಯ ಪ್ರತಿ ಆರೋಪಪಟ್ಟಿಯ ಜೊತೆ ಆರೋಪಿಯ ಕೈಗೆ ತಲುಪಬೇಕೆಂಬುದು ನಿಯಮ. ಅದು ಇಬ್ಬರಿಗೂ ಗೊತ್ತಿತ್ತು. ಇನ್‌ಸ್ಪೆಕ್ಟರ್ ಕಾಗದ ಕೇಳಿ ಪಡೆದು, ಕೊನೆಯ ಪ್ರಶ್ನೆಯೂ ಉತ್ತರವೂ ಇದ್ದ ಹಾಳೆಯನ್ನು ಮಡಚಿ ತಮ್ಮ ಜೇಬಿಗೆ ಹಾಕಿಕೊಂಡರು.

"ಮೊದಲ ಪುಟ ಮಾತ್ರ ಫೈಲಿಗೆ ಹಾಕು," ಎಂದರು. "ಅಷ್ಟು ಸಾಕು."